ಎರಡೂ ಕೈ ಸಮ ಮಾಡಿದ ಮುನೆಂಕಟ

ಹುಣಸೇಕುಂಟೆಯ ಪಟೇಲ್ ಪಿಳ್ಳೇಗೌಡರ ಮಗಳು ವನಜಾಕ್ಷಿ ಧಾರೆಗೆ ಕೂತಾಗ ಅವಳ ಎಡಗೈಯನ್ನು ಇಬ್ಬರು, ಬಲಗೈಯನ್ನು ಇಬ್ಬರು ಎತ್ತಿ ಹಿಡಿದುಕೊಂಡಿದ್ದರು. ಯಾಕೆ, ಹೇಳಿ ನೋಡೋಣ? ಹುಡುಗಿಯ ಕೈಯಲ್ಲಿ ತ್ರಾಣ ಇರಲಿಲ್ಲ ಅಂತೀರಾ? ತುಂಬಿದ ಕೊಡ ತಲೆ ಮೇಲೊಂದು ಸೊಂಟದ ಮೇಲೊಂದು ಇಟ್ಟುಕೊಂಡು ಕೆರೆ ಏರಿ ಹತ್ತುತ್ತಿದ್ದವಳು ಅವಳು. ಮದುವೆ ಇಷ್ಟವಿರಲಿಲ್ಲ, ಓಡಿಹೋಗದಂತೆ ಹಿಡಿದಿದ್ದರು ಅಂತೀರಾ? ಗಂಡನ್ನು ತಾನೇ ನೋಡಿ ಒಪ್ಪಿದ್ದಳು. ಇನ್ನೊಂದು ಸಲ ಯೋಚನೆ ಮಾಡಿ. ಆಗಲಿಲ್ಲ ತಾನೆ? ಆಗುವುದೂ ಇಲ್ಲ ಬಿಡಿ. ಮುನೆಂಕಟ ಏನು ಮಾಡುತ್ತಾನೆ ಅಂತ ಅವನ ಹೆತ್ತ ತಾಯಿಗೇ ಗೊತ್ತಾಗುತ್ತಿರಲಿಲ್ಲ, ಇನ್ನು ನಿಮಗೆಲ್ಲಿಂದ ಗೊತ್ತಾಗಬೇಕು.

ಆ ತಾಯಿ ಅಲುಮೇಲಮ್ಮ. ಬಳೆಗಾರರ ಮನೆ ಸೊಸೆ. ಗಂಡ ತೀರಿಕೊಂಡ ಮೇಲೆ ಮಲಾರವನ್ನು, ಅಂದರೆ ಬಳೆಗಳನ್ನೆಲ್ಲ ಹಗ್ಗಕ್ಕೆ ಪೋಣಿಸಿ ಹೆಗಲಿಗೆ ಹಾಕಿಕೊಳ್ಳುವ ಆ ಭಾರದ ಕಟ್ಟನ್ನು, ತಾನೇ ಹೊತ್ತು ಹದಿಮೂರು ಹಳ್ಳಿ ಸುತ್ತಿ ಮಗನನ್ನು ಸಾಕಿದವಳು. ಮಗ ಬೆಳೆದ. ಆಳೆತ್ತರ ಬೆಳೆದ. ಇಪ್ಪತ್ತಾರು ತುಂಬಿತು. ತಲೆಯೊಳಗಿನದು ಮಾತ್ರ ತೊಟ್ಟಿಲಲ್ಲಿ ಬಿಟ್ಟು ಬಂದ ಹಾಗಿತ್ತು. ಹಾಗಂತ ಸೋಮಾರಿಯಲ್ಲ, ಹಟಮಾರಿಯಲ್ಲ, ಸುಳ್ಳುಗಾರನಲ್ಲ. ಅವ್ವ ಹೇಳುತ್ತಿದ್ದಳು, ಮುನೆಂಕಟ ಕೇಳುತ್ತಿದ್ದ, ಕೇಳಿದ್ದನ್ನು ಕೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ಗೋಳು.

ಆ ಸೀಮೆಯಲ್ಲಿ ಬಳೆಗಾರರಿಗೆ ಒಂದು ಕಟ್ಟುಪಾಡು ಇತ್ತು. ದಿನದ ಬಳೆ ಹೆಂಗಸು ತೊಡಿಸಬಹುದು, ವಿಧವೆಯಾದರೂ ತೊಡಿಸಬಹುದು. ಆದರೆ ಮದುವಣಗಿತ್ತಿಗೆ ಹಸಿರು ಬಳೆಯನ್ನು ಬಳೆಗಾರರ ಮನೆಯ ಗಂಡಸೇ ತೊಡಿಸಬೇಕು. ಅದರಲ್ಲೂ ಪಟೇಲರ ಮನೆಯ ಮದುವಣಗಿತ್ತಿಗೆ ಯಾರು ತೊಡಿಸುತ್ತಾರೋ ಹದಿಮೂರು ಹಳ್ಳಿಯ ಮಲಾರದ ಹಕ್ಕು ಮುಂದಕ್ಕೆ ಅವರದು. ವನಜಾಕ್ಷಿಯ ಮದುವೆ ಗೊತ್ತಾಗಿತ್ತು. ಮುನೆಂಕಟನ ಚಿಕ್ಕಪ್ಪ ಕದಿರಪ್ಪ ಆಗಲೇ ಹೊಸ ಹಗ್ಗ ಹೊಸೆದು ಕಾದಿದ್ದ. ಅವನು ದಿನಕ್ಕೊಂದು ಸಲ ಅತ್ತಿಗೆಯ ಬಾಗಿಲಿಗೆ ಬಂದು, ನಿಮ್ಮ ಕೊನೆಗಾಲಕ್ಕೆ ನಾನಿದ್ದೀನಿ ಅತ್ತಿಗೆ, ನಮ್ಮ ಮನೆ ಹಿತ್ತಲಲ್ಲಿ ಒಂದು ಕೋಣೆ ಇದೆ, ಎರಡು ತುತ್ತು ಅನ್ನಕ್ಕೆ ಬರವಿಲ್ಲ ಅಂತ ನಯವಾಗಿ ಹೇಳಿಹೋಗುತ್ತಿದ್ದ. ಆ ನಯ ಕೇಳಿದರೆ ಅಲುಮೇಲಮ್ಮನ ಮೈಯೆಲ್ಲ ಉರಿದುಹೋಗುತ್ತಿತ್ತು. ಕದಿರಪ್ಪನ ಹಿತ್ತಲಿನ ಅನ್ನ ತಿನ್ನುವುದಕ್ಕಿಂತ ಮಗನಿಗೆ ಕೆಲಸ ಕಲಿಸಿಯೇ ಸೈ ಅಂತ ಹೊರಟಳು.

ಮೊದಲ ದಿನ ಮಲಾರ ಹೊರಿಸಿ ಹೇಳಿದಳು. ನೋಡು ಮಗ, ಬಳೆಗಾರನಿಗೆ ಎಲ್ಲರೂ ಒಂದೇ. ಸಾಹುಕಾರ್ತಿ, ಕೂಲಿಯವಳು, ಅತ್ತೆ, ಸೊಸೆ ಅಂತ ಭೇದ ಮಾಡಬೇಡ. ಒಬ್ಬರಿಗೆ ಏನು ಕೊಟ್ಟೆಯೋ ಇನ್ನೊಬ್ಬರಿಗೂ ಅದನ್ನೇ ಕೊಡು.

ಆಗಲವ್ವ ಅಂದ ಮುನೆಂಕಟ. ಒಬ್ಬರಿಗೆ ಕೊಟ್ಟದ್ದೇ ಇನ್ನೊಬ್ಬರಿಗೆ, ಒಬ್ಬರಿಗೆ ಕೊಟ್ಟದ್ದೇ ಇನ್ನೊಬ್ಬರಿಗೆ ಅಂತ ಜಪ ಮಾಡುತ್ತಾ ಗೊಲ್ಲರಪಾಳ್ಯಕ್ಕೆ ಹೋದ. ಅಲ್ಲಿ ರೇವಮ್ಮ ಅಂತ ಒಬ್ಬಾಕೆ. ಒನಕೆಯಂಥ ತೋಳು. ಅವಳ ಸೊಸೆ ಹದಿನೇಳರ ಹುಡುಗಿ, ಜೋಳದ ಕಡ್ಡಿ. ಸೊಸೆಗೆ ಮೊದಲು ತೊಡಿಸಿದ, ಚಿಕ್ಕ ಅಳತೆ, ಸಲೀಸಾಗಿ ಹೋಯಿತು. ಆಮೇಲೆ ಅತ್ತೆ ಕೈ ನೀಡಿದಳು. ಅದೇ ಅಳತೆ ತೆಗೆದ. ಅದಲ್ಲ ಕಣೋ, ದೊಡ್ಡದು ತೆಗಿ ಅಂದಳು. ಭೇದ ಮಾಡಬಾರದು ಕಣವ್ವ ಅಂದ. ಅಂದವನು ಮೊಣಕಾಲಲ್ಲಿ ಅವಳ ಮೊಣಕೈ ಒತ್ತಿ ಹಿಡಿದು, ಹಲ್ಲು ಕಚ್ಚಿ ನೂಕಿದ. ಒಂದು ಒಡೆಯಿತು. ಇನ್ನೊಂದು ತೆಗೆದ. ಅದೂ ಒಡೆಯಿತು. ಆರು ಒಡೆದ ಮೇಲೆ ರೇವಮ್ಮನ ಕೂಗಿಗೆ ಬೀದಿಯೇ ಬಂತು.

"ನಿಮ್ಮಪ್ಪ ಬಳೆ ತೊಡಿಸಿದರೆ ಕೈಗೆ ಹೂ ಸೋಕಿದ ಹಾಗಿತ್ತು, ನೀನೇನೋ ಎತ್ತಿಗೆ ಲಾಳ ಹೊಡೆಯೋ ಹಾಗೆ ಹೊಡಿತೀಯ!" ಅಂತ ಅವಳು ಅದೇ ಕೈಯಲ್ಲಿ ಒಂದು ಕೊಟ್ಟಳು. ಕೈಯ ಅಳತೆ ಅವನಿಗೆ ಆಗ ತಿಳಿಯಿತು.

ಮನೆಗೆ ಬಂದರೆ ಅವ್ವ ಒಲೆ ಮುಂದಿನಿಂದ ಎದ್ದು ಬಂದು ಬೈದಳು. ಎಲ್ಲರಿಗೂ ಒಂದೇ ಅಂದರೆ ಒಂದೇ ಅಳತೆ ಅಂತಲೇನೋ ಮಂಕೆ? ಆನೆಗೂ ಆಡಿಗೂ ಒಂದೇ ಬುಟ್ಟಿ ಮೇವು ಹಾಕುತ್ತಾರಾ? ದೊಡ್ಡದಕ್ಕೆ ಹೆಚ್ಚು, ಚಿಕ್ಕದಕ್ಕೆ ಕಮ್ಮಿ. ಎದುರಿಗಿರೋದು ಎಷ್ಟಿದೆ ಅಂತ ನೋಡು, ಅದಕ್ಕೆ ತಕ್ಕಷ್ಟು ಹಾಕು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಸಮ ಎನ್ನುವುದು ನೋಡುವುದಕ್ಕೆ ಬಲು ಸಾಧು ಮಾತು. ಆದರೆ ತಕ್ಕಡಿ ಹಿಡಿದವನು ಅದಕ್ಕೆ ಒಂದು ಅರ್ಥ ಹೇಳುತ್ತಾನೆ, ಎಣಿಸುವವನು ಇನ್ನೊಂದು, ನ್ಯಾಯ ಹೇಳುವವನು ಮತ್ತೊಂದು, ಪುರೋಹಿತರು ಬೇರೆಯೇ ಒಂದು. ಕಾಲೇಜಿನಲ್ಲಿ ಗಣಿತ, ಅರ್ಥಶಾಸ್ತ್ರ, ಪೌರನೀತಿ ಮೂರನ್ನೂ ಒಂದೇ ಕೊಠಡಿಯಲ್ಲಿ ಒಂದಾದ ಮೇಲೊಂದು ಕೇಳಿದವರಿಗೇ ತಲೆ ಗಿರ್ರೆನ್ನುತ್ತಿತ್ತು. ಪಾಪ, ಮುನೆಂಕಟನಿಗೆ ಅವ್ವನೊಬ್ಬಳೇ ಕಾಲೇಜು. ಅವಳು ಎದುರಿಗಿದ್ದ ಕೆಲಸ ನೋಡಿ ಪಾಠ ಹೇಳುತ್ತಿದ್ದಳು. ಅವನು ಆ ಪಾಠವನ್ನು ಮುಂದಿನ ಕೆಲಸಕ್ಕೆ ಒಯ್ಯುತ್ತಿದ್ದ.

ಮುಂದಿನ ಕೆಲಸ ಪೇಟೆಯಿಂದ ಬಳೆ ತರುವುದು. ಅಡ್ಡೆ ಕೊಟ್ಟು ಕಳಿಸಿದಳು. ಬಿದಿರಿನ ದಬ್ಬೆ, ಅದರ ಎರಡು ತುದಿಗೆ ಎರಡು ಕುಕ್ಕೆ. ಒಂದು ಕುಕ್ಕೆ ದೊಡ್ಡದು, ಇನ್ನೊಂದು ಚಿಕ್ಕದು, ಹಿಂದಿನ ವರ್ಷ ಇಲಿ ಕಡಿದು ಬದಲಾಯಿಸಿದ್ದರು. ಅಂಗಡಿಯವನು ಹನ್ನೆರಡು ಪೆಟ್ಟಿಗೆ ಬಳೆ ಕೊಟ್ಟ. ದೊಡ್ಡದಕ್ಕೆ ಹೆಚ್ಚು, ಚಿಕ್ಕದಕ್ಕೆ ಕಮ್ಮಿ ಅಂತ ಹೇಳಿಕೊಳ್ಳುತ್ತಾ ಮುನೆಂಕಟ ದೊಡ್ಡ ಕುಕ್ಕೆಗೆ ಹನ್ನೊಂದು ತುಂಬಿದ, ಚಿಕ್ಕದಕ್ಕೆ ಒಂದು ಇಟ್ಟ. ಹೆಗಲು ಕೊಟ್ಟು ಎದ್ದ. ಎದ್ದದ್ದೇ ತಡ, ದೊಡ್ಡ ಕುಕ್ಕೆ ಧೊಪ್ಪನೆ ನೆಲಕ್ಕೆ, ಚಿಕ್ಕ ಕುಕ್ಕೆ ಕವಣೆ ಬಿಟ್ಟ ಹಾಗೆ ಮೇಲಕ್ಕೆ. ಅಲ್ಲಿಂದ ಹಾರಿದ ಪೆಟ್ಟಿಗೆ ಎದುರಿನ ಚಾ ಅಂಗಡಿಯ ಕುದಿಯುವ ಹಾಲಿನ ದಬರಿಗೆ ಬಿತ್ತು. ಚಾ ಅಂಗಡಿಯವನು ಸೌಟು ಹಿಡಿದುಕೊಂಡು ಬಂದ. ಆ ದಿನ ಅವನ ಅಂಗಡಿಯಲ್ಲಿ ಚಾ ಕುಡಿದವರೆಲ್ಲ ಹಲ್ಲಿನ ಸಂದಿಯಿಂದ ಹಸಿರು ಗಾಜು ಉಗಿಯುತ್ತಿದ್ದರು ಅಂತ ಊರಲ್ಲಿ ಹೇಳುತ್ತಿದ್ದರು. ಅಷ್ಟು ಆಗಿರಲಿಕ್ಕಿಲ್ಲ, ಆದರೆ ದಬರಿ ಮಾತ್ರ ನಿಜ.

ಹನ್ನೆರಡರಲ್ಲಿ ನಾಲ್ಕು ಪೆಟ್ಟಿಗೆ ಉಳಿದವು. ಅವ್ವ ಆ ನಾಲ್ಕನ್ನು ನೋಡಿದಳು, ಮಗನನ್ನು ನೋಡಿದಳು, ದಬ್ಬೆಯನ್ನು ಕೈಗೆ ತೆಗೆದುಕೊಂಡಳು. ಅಂಗಳದ ಸುತ್ತ ಮೂರು ಸುತ್ತು ಓಡಿಸಿದಳು. ಆಮೇಲೆ ಉಸಿರು ಬಿಡುತ್ತಾ ಬುದ್ಧಿ ಹೇಳಿದಳು. ಹೊರೆ ಅಂದಮೇಲೆ ಎರಡು ಕಡೆ ಒಂದೇ ತೂಕ ಇರಬೇಕು ಕಣೋ ದರಿದ್ರದವನೆ. ಯಾವ ಕಡೆ ಕಮ್ಮಿ ಬಿತ್ತು ಅಂತ ಕಾಣುತ್ತೋ ಆ ಕಡೆಗೆ ಹಾಕು. ಎರಡೂ ಸಮಕ್ಕೆ ನಿಂತ ಮೇಲೆ ಹೆಜ್ಜೆ ಇಡು.

ಆಗಲವ್ವ, ಯಾವ ಕಡೆ ಕಮ್ಮಿಯೋ ಆ ಕಡೆಗೆ ಅಂದ ಮುನೆಂಕಟ.

ಅದೇ ವಾರ ಊರಿಗೆ ಸರ್ಕಾರದ ರೇಡಿಯೋ ಬಂತು. ಊರಿಗೆಲ್ಲ ಒಂದೇ. ಅದನ್ನು ಎಲ್ಲಿಡಬೇಕು ಅಂತ ಜಗಳ. ಪಟೇಲರ ಜಗಲಿ ಮೇಲೆ ಅಂತ ಒಂದು ಗುಂಪು, ಸ್ಕೂಲಿನಲ್ಲಿ ಅಂತ ಇನ್ನೊಂದು. ಪಟೇಲರು ರೇಡಿಯೋ ಇಡಲು ಹೊಸ ಮರದ ಗೂಡನ್ನೇ ಮಾಡಿಸಿ, ಬಣ್ಣ ಹೊಡೆಸಿ, ಅದರ ಪಕ್ಕ ತಮಗೊಂದು ಆರಾಮ ಕುರ್ಚಿ ಹಾಕಿಸಿಬಿಟ್ಟಿದ್ದರು. ಗ್ರಾಮಸೇವಕರು ಬಂದು ಆಲದ ಮರದ ಕೆಳಗೆ ಕೈ ಎತ್ತಿಸಿದರು. ಪಟೇಲರ ಜಗಲಿಗೆ ಮೂವತ್ತೊಂದು ಕೈ. ಸ್ಕೂಲಿಗೆ ಮೂವತ್ತು. ಪಟೇಲರು ಮೀಸೆ ಮೇಲೆ ಕೈಯಿಟ್ಟರು.

ಅಷ್ಟರಲ್ಲಿ ಮಲಾರ ಹೊತ್ತು ಆ ದಾರಿಯಲ್ಲಿ ಮುನೆಂಕಟ ಬಂದ. ನಿಂತು ನೋಡಿದ. ಈ ಕಡೆ ಎಷ್ಟು ಅಂತ ಕೇಳಿದ, ಮೂವತ್ತೊಂದು ಅಂದರು. ಆ ಕಡೆ ಎಷ್ಟು ಅಂದ, ಮೂವತ್ತು ಅಂದರು. ಕಮ್ಮಿ ಬಿತ್ತು ಅಂದ. ಅಂದವನೇ ಆ ಕಡೆಗೆ ಹೋಗಿ ನಿಂತು ಕೈ ಎತ್ತಿದ. ಪಟೇಲರ ಕಡೆಯವರು ಬೈದರು, ಗದರಿಸಿದರು, ಅವ್ವನ ಹೆಸರು ಹೇಳಿ ಹೆದರಿಸಿದರು. ಎರಡೂ ಸಮಕ್ಕೆ ನಿಂತ ಮೇಲೇ ಹೆಜ್ಜೆ ಇಡೋದು ಅಂತ ಅಲ್ಲಾಡದೆ ನಿಂತ. ಅವನೂ ಊರಿನವನೇ, ವಯಸ್ಸು ತುಂಬಿದವನೇ. ಗ್ರಾಮಸೇವಕರು ಲೆಕ್ಕಕ್ಕೆ ಹಿಡಿದರು. ಸಮಸಮ ಆಯಿತು. ಚೀಟಿ ಎತ್ತಿಸಿದರು. ರೇಡಿಯೋ ಸ್ಕೂಲಿಗೆ ಹೋಯಿತು.

ಪಟೇಲರು ಆ ಖಾಲಿ ಗೂಡಿನ ಪಕ್ಕದ ಕುರ್ಚಿಯಲ್ಲಿ ಕೂತು ಅಲುಮೇಲಮ್ಮನಿಗೆ ಹೇಳಿ ಕಳಿಸಿದರು. ಅವಳು ಬಂದು ಜಗಲಿ ಕೆಳಗೆ ನಿಂತಳು. ನಿನ್ನ ಗಂಡ ಈ ಮನೆಗೆ ಮೂರು ತಲೆಮಾರಿನ ಬಳೆ ತೊಡಿಸಿದ, ಅದಕ್ಕೆ ಸುಮ್ಮನಿದ್ದೀನಿ, ನಿನ್ನ ಮಗ ನನ್ನ ಮಗಳ ಕೈ ಮುಟ್ಟುವುದು ನನಗೆ ಇಷ್ಟವಿಲ್ಲ ಅಂದರು. ಕದಿರಪ್ಪ ಅಲ್ಲೇ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅಲುಮೇಲಮ್ಮ ಸೆರಗೊಡ್ಡಿ ಬೇಡಿದಳು. ಕೊನೆಗೆ ಪಟೇಲರ ಹೆಂಡತಿ ಸಾಕಮ್ಮ ಬಾಗಿಲ ಮರೆಯಿಂದ ಮಾತಾಡಿ, ಮದುವೆಗೆ ಮುಂಚೆ ಅವನಿಗೆ ಏನಾದರೂ ಸಣ್ಣ ಕೆಲಸ ಕೊಟ್ಟು ನೋಡೋಣ, ನೆಟ್ಟಗೆ ಮಾಡಿದರೆ ಬಳೆಯೂ ಅವನೇ ತೊಡಿಸಲಿ ಅಂದಳು.

ಮನೆಗೆ ಬಂದ ಅಲುಮೇಲಮ್ಮನಿಗೆ ಸಿಟ್ಟಿನಲ್ಲಿ ಅಳು, ಅಳುವಿನಲ್ಲಿ ಸಿಟ್ಟು. ನಿನ್ನನ್ನು ಯಾರೋ ಸಮ ಮಾಡು ಅಂತ ಕರೆದಿದ್ದರು? ಪಟೇಲರ ಒಂದು ಕೈ ಹೆಚ್ಚಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಅಂದಳು. ಮದುವೆ ಕೆಲಸ ಅಂದರೆ ಸಮಕ್ಕೆ ನಿಲ್ಲಬಾರದು ಕಣೋ, ಸಮಕ್ಕೆ ನಿಂತರೆ ಅಲ್ಲಿಗೆ ಮುಗಿದುಹೋಯಿತು ಅಂತ ಅರ್ಥ. ಮುಯ್ಯಿ ಹನ್ನೊಂದು, ಕಾಯಿ ಐದು, ಆರತಿ ಮೂರು. ಮದುವೆ ಸಾಮಾನು ಏನೇ ಮುಟ್ಟಿದರೂ ಎಣಿಸು. ಎರಡೆರಡಾಗಿ ಎತ್ತಿಟ್ಟರೆ ಒಂದು ಮಿಗಬೇಕು. ಮಿಗದಿದ್ದರೆ ಮನೆಗೆ ತರಬೇಡ.

ಸಾಕಮ್ಮ ಕೊಟ್ಟ ಕೆಲಸ ನಿಜಕ್ಕೂ ಸಣ್ಣದು. ಪಕ್ಕದ ಹಳ್ಳಿಯ ಹನುಮಯ್ಯ ಗಂಡಿಗೆ ಹೊಸ ಚಪ್ಪಲಿ ಹೊಲಿದಿಟ್ಟಿದ್ದ, ತರಬೇಕು. ಅಷ್ಟೇ. ಮುನೆಂಕಟ ಹೋದ. ಹನುಮಯ್ಯ ಚಪ್ಪಲಿ ಕೊಟ್ಟ. ಮುನೆಂಕಟ ಎಣಿಸಿದ. ಎರಡು. ಎರಡನ್ನೂ ಎತ್ತಿಟ್ಟ, ಏನೂ ಮಿಗಲಿಲ್ಲ.

ಇನ್ನೊಂದು ಕೊಡಿ ಅಂದ.

ಹನುಮಯ್ಯ ಉಳಿ ಕೆಳಗಿಟ್ಟ. "ಮೂರು ಕಾಲಿನ ಅಳಿಯ ಎಲ್ಲಿ ಸಿಕ್ಕಿದನಪ್ಪ ನಿಮ್ಮ ಪಟೇಲರಿಗೆ? ಹೋಗಿ ಅವರನ್ನೇ ಕೇಳಿಕೊಂಡು ಬಾ, ಕುದುರೆಗೆ ಹೊಲಿಯಬೇಕಾದರೆ ನಾಲ್ಕೇ ಹೊಲಿದುಬಿಡ್ತೀನಿ."

ಮುನೆಂಕಟ ಬಹಳ ಹೊತ್ತು ಯೋಚನೆ ಮಾಡಿದ. ಮೂರನೆಯದು ಇಲ್ಲ. ಎರಡು ಒಯ್ಯುವಂತಿಲ್ಲ. ಹಾಗಾದರೆ ಒಂದು ಬೆಸವೇ ತಾನೆ? ಒಂದನ್ನು ಹನುಮಯ್ಯ ನೋಡದಾಗ ತೊಗಲಿನ ರಾಶಿಯ ಕೆಳಗೆ ಇಟ್ಟು, ಇನ್ನೊಂದನ್ನು ಹೊಸ ಬಟ್ಟೆಯಲ್ಲಿ ಸುತ್ತಿಕೊಂಡು ಸಂತೋಷವಾಗಿ ಹೊರಟ.

ಅವನು ಬರುವ ಹೊತ್ತಿಗೆ ಗಂಡಿನ ಕಡೆಯವರು ಬಂದಿಳಿದಿದ್ದರು. ಚಪ್ಪರದಡಿ ಜಮಖಾನ, ಪಾನಕ, ಓಲಗ. ಗಂಡಿನ ಸೋದರಮಾವ ಅಶ್ವತ್ಥಗೌಡ ಎಲ್ಲರ ನಡುವೆ ಕೂತಿದ್ದ. ಆರಡಿ ಆಳು, ಮಾತಿಗೆ ಮುಂಚೆ ಕಣ್ಣು ಕೆಂಪಗಾಗುತ್ತಿತ್ತು. ತಟ್ಟೆಯಲ್ಲಿ ಛತ್ರಿ, ಪಂಚೆ, ಅದರ ಪಕ್ಕಕ್ಕೆ ಬಟ್ಟೆ ಬಿಚ್ಚಿ ಇಟ್ಟರೆ, ಒಂದೇ ಒಂದು ಎಡಗಾಲಿನ ಚಪ್ಪಲಿ.

ಓಲಗ ನಿಂತಿತು. ಅಶ್ವತ್ಥಗೌಡ ಆ ಒಂಟಿ ಚಪ್ಪಲಿಯನ್ನು ಕೈಗೆತ್ತಿಕೊಂಡು, ನಮ್ಮ ಹುಡುಗನಿಗೆ ಒಂದೇ ಕಾಲು ಅಂತ ಈ ಊರಲ್ಲಿ ಯಾರು ಹೇಳಿದರು, ಅವರನ್ನು ಕರೀರಿ ಅಂದ. ಗಂಡಿನವರು ಎದ್ದರು. ಹಾಸಿಗೆ ಪೆಟ್ಟಿಗೆ ಗಾಡಿಗೆ ಹಾಕಿ ಅನ್ನುವವರೆಗೂ ಹೋಯಿತು. ಪಿಳ್ಳೇಗೌಡರು ಹುಟ್ಟಿದ ಮೇಲೆ ಮೊದಲ ಸಲ ಕೈ ಮುಗಿದರು. ಆಳು ಓಡಿಹೋಗಿ ಇನ್ನೊಂದು ಚಪ್ಪಲಿ ತಂದ. ಗಂಡು ಎರಡನ್ನೂ ಮೆಟ್ಟಿ ಚಪ್ಪರದ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದ ಮೇಲೆ ಎಲ್ಲರೂ ಕೂತರು.

ಅಶ್ವತ್ಥಗೌಡ ಮಾತ್ರ ಕೂರಲಿಲ್ಲ. ಮುನೆಂಕಟನ ಕಿವಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡ.

"ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟು. ಏನು?"

"ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟು."

"ಇನ್ನೊಂದು ಸಲ ತಪ್ಪಿದರೆ ಈ ಕಿವಿ ಇರಲ್ಲ. ಆ ಕಿವಿಯೂ ಇರಲ್ಲ."

ಇಪ್ಪತ್ತೊಂದು ಸಲ ಹೇಳಿಸಿದ. ಅಲ್ಲಿದ್ದ ಮಕ್ಕಳಿಗೆಲ್ಲ ಬಾಯಿಪಾಠವಾಯಿತು.

ಬೆಳಗಾದರೆ ಧಾರೆ, ಅದಕ್ಕೆ ಮುಂಚೆ ಬಳೆ. ಪಟೇಲರು ಮಾತು ಮುರಿದು ಕದಿರಪ್ಪನಿಗೇ ಹೇಳಿಬಿಡುತ್ತಿದ್ದರು. ಆದರೆ ಸಾಕಮ್ಮ, ಮೊದಲು ಗುರುತು ಮಾಡಿದ ಬಳೆಗಾರನನ್ನು ಮದುವೆ ಮನೆಯಿಂದ ಎಬ್ಬಿಸಿ ಕಳಿಸಿದರೆ ಮಗಳಿಗೆ ಒಳ್ಳೆಯದಲ್ಲ ಅಂತ ಹಟ ಹಿಡಿದಳು. ಹಾಗಾದರೆ ಕದಿರಪ್ಪನೂ ತನ್ನ ಮಲಾರ ತಂದು ಪಕ್ಕದಲ್ಲಿ ನಿಂತಿರಲಿ, ಇವನು ಒಂದು ತಪ್ಪಿದರೆ ಅವನು ಕೂರಲಿ ಅಂತ ತೀರ್ಮಾನವಾಯಿತು.

ಅಲುಮೇಲಮ್ಮ ಮಗನಿಗೆ ತಲೆಗೆ ಎಣ್ಣೆ ಹಚ್ಚಿ, ನೀರು ಹಾಕಿ, ಒಗೆದ ಅಂಗಿ ತೊಡಿಸಿದಳು. ಆ ದಿನ ಬೈಯಲಿಲ್ಲ. ಮೆಲ್ಲಗೆ ಹೇಳಿದಳು. "ಮಗ, ಬಲಗೈಗೆ ಹತ್ತು, ಎಡಗೈಗೆ ಹನ್ನೊಂದು. ಎಡಗೈಗೆ ಯಾವಾಗಲೂ ಒಂದು ಹೆಚ್ಚಿರಬೇಕು, ಅದು ನಮ್ಮ ಕಸುಬಿನ ಕಟ್ಟು. ಏಳೋಕೆ ಮುಂಚೆ ಎಣಿಸು. ತಪ್ಪಿದ್ದರೆ ನೆಟ್ಟಗೆ ಮಾಡದೆ ಏಳಬೇಡ. ನಾನು ಚಪ್ಪರದ ಕಂಬದ ಹತ್ತಿರ ನಿಂತಿರ್ತೀನಿ, ನನ್ನ ಮುಖ ನೋಡು."

ಆಗಲವ್ವ ಅಂದ.

ವನಜಾಕ್ಷಿ ಚಾಪೆ ಮೇಲೆ ಕೂತಳು. ಎದುರಿಗೆ ಮುನೆಂಕಟ. ಒಂದು ಪಕ್ಕ ಗಂಡಿನವರ ಸಾಲು, ಅದರ ಮುಂದೆ ಅಶ್ವತ್ಥಗೌಡ. ಇನ್ನೊಂದು ಪಕ್ಕ ಕದಿರಪ್ಪ, ಹೆಗಲ ಮೇಲೆ ಮಲಾರ. ದೂರದ ಕಂಬದ ಹತ್ತಿರ ಅಲುಮೇಲಮ್ಮ.

ಮುನೆಂಕಟ ಹುಡುಗಿಯ ಬಲಗೈ ಹಿಡಿದ. ಬೆರಳುಗಳನ್ನು ಮೆಲ್ಲಗೆ ಮಡಚಿದ, ಹೆಬ್ಬೆರಳ ಬುಡವನ್ನು ಒಂದಿಷ್ಟು ಒತ್ತಿದ, ಬಳೆ ಜಾರಿತು. ಚಿಟ್ ಅನ್ನುವ ಸದ್ದೂ ಇಲ್ಲ. ಇನ್ನೊಂದು ಜಾರಿತು. ಅಲ್ಲಿದ್ದ ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪನ ಕೈ ಅಂದರು. ಹತ್ತು ಆಯಿತು. ಎಡಗೈಗೆ ಹನ್ನೊಂದು ಆಯಿತು. ಅಲುಮೇಲಮ್ಮ ಹಿಡಿದಿದ್ದ ಉಸಿರು ಬಿಟ್ಟಳು. ಕದಿರಪ್ಪ ಮಲಾರವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿದ.

ಏಳುವುದಕ್ಕೆ ಮುಂಚೆ ಮುನೆಂಕಟ ಎಣಿಸಿದ. ಎಣಿಸುತ್ತಾ ತಲೆ ಎತ್ತಿದ. ಎದುರಿಗೆ ಅಶ್ವತ್ಥಗೌಡನ ಕೆಂಪು ಕಣ್ಣು. ಕಿವಿ ಚುರ್ ಅಂದಿತು. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟು. ಬಲಗೈಗೆ ಒಂದು ಹಾಕಿದ. ಹನ್ನೊಂದು, ಹನ್ನೊಂದು. ಏಳಬೇಕು ಅನ್ನುವಷ್ಟರಲ್ಲಿ ಕಂಬದ ಕಡೆ ಕಣ್ಣು ಹೋಯಿತು. ಅವ್ವ ತಲೆ ಅಲ್ಲಾಡಿಸುತ್ತಿದ್ದಾಳೆ. ಎಡಗೈಗೆ ಒಂದು ಹೆಚ್ಚಿರಬೇಕು. ಎಡಗೈಗೆ ಒಂದು ಹಾಕಿದ. ಹನ್ನೆರಡು, ಹನ್ನೊಂದು. ಈ ಕಡೆ ನೋಡಿದ, ಅಶ್ವತ್ಥಗೌಡ. ಬಲಕ್ಕೆ ಒಂದು. ಆ ಕಡೆ ನೋಡಿದ, ಅವ್ವ. ಎಡಕ್ಕೆ ಒಂದು.

ಯಾರಾದರೂ ಸಾಕು ಅನ್ನಬಾರದಿತ್ತೇ ಅಂತ ಕೇಳುತ್ತೀರಿ. ಅನ್ನಬಾರದು. ಅದೇ ಫಜೀತಿ. ಮದುವಣಗಿತ್ತಿ ಬಳೆಗೆ ಕೈ ನೀಡಿದ ಮೇಲೆ ಸಾಕು ಎಂಬ ಮಾತು ಚಪ್ಪರದೊಳಗೆ ಯಾರ ಬಾಯಲ್ಲೂ ಬರಕೂಡದು, ಬಳೆಗಾರ ತಾನಾಗಿ ಏಳಬೇಕು. ತೊಡಿಸಿದ ಬಳೆ ತೆಗೆಯುವಂತಂತೂ ಇಲ್ಲವೇ ಇಲ್ಲ. ಪಟೇಲರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಗಂಟಲಲ್ಲಿ ಆ ಮಾತು ಉಬ್ಬಿ ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು. ಪುರೋಹಿತರು, ಮುಹೂರ್ತ, ಮುಹೂರ್ತ ಅಂದರು. ಇನ್ನೊಂದೇ ಸ್ವಾಮಿ ಅಂದ ಮುನೆಂಕಟ. ಅದೂ ನಿಜವೇ, ಪ್ರತಿ ಸಲವೂ ಇನ್ನೊಂದೇ. ಅಲುಮೇಲಮ್ಮ ಕಂಬದ ಹತ್ತಿರದಿಂದ ಏಳು, ಏಳು ಅಂತ ಕೈ ಮೇಲೆತ್ತಿ ಸನ್ನೆ ಮಾಡಿದಳು. ಮೇಲಕ್ಕೆ ಏರಿಸು ಅಂತಿದ್ದಾಳೆ ಅಂದುಕೊಂಡು ಬೇಗ ಬೇಗ ಏರಿಸಿದ.

ಮುಂಗೈ ತುಂಬಿತು. ಅಳತೆ ದೊಡ್ಡದು ಮಾಡಿದ. ಮೊಣಕೈ ದಾಟಿತು. ಅಷ್ಟರಲ್ಲಿ ಅವನ ಮಲಾರದಲ್ಲಿದ್ದ ದೊಡ್ಡ ಹಸಿರು ಬಳೆ ಮುಗಿದುವು. ಎಡಗೈ ಬಲಗೈ ಎರಡೂ ಸಮ ನಿಂತಿವೆ, ಅವ್ವನಿಗೆ ಒಂದು ಬೇಕು. ಮುನೆಂಕಟ ಕದಿರಪ್ಪನ ಕಡೆ ಕೈ ಚಾಚಿ, ಕೊಡು ಚಿಕ್ಕಪ್ಪ ಅಂದ. ಮದುವಣಗಿತ್ತಿಗೆ ಅಂತ ಕೇಳಿದರೆ ಬಳೆಗಾರ ಇಲ್ಲ ಅನ್ನಬಾರದು, ಅದೂ ಕಟ್ಟೇ. ಕದಿರಪ್ಪ ಹಲ್ಲು ಮಸೆಯುತ್ತಾ ಒಂದೊಂದೇ ಬಿಚ್ಚಿ ಕೊಟ್ಟ. ಕೊಟ್ಟ, ಕೊಟ್ಟ, ಕೊಡುತ್ತಲೇ ಇದ್ದ. ಭುಜ ಬಂತು. ಇನ್ನು ಕೈಯೇ ಇಲ್ಲ. ಆಗ ಮುನೆಂಕಟ ಎದ್ದ. ಎಡಗೈಗೆ ತೊಂಬತ್ತೇಳು, ಬಲಗೈಗೆ ತೊಂಬತ್ತಾರು.

ವನಜಾಕ್ಷಿಯ ಕೈ ಮಡಚುವಂತಿರಲಿಲ್ಲ, ಇಳಿಸುವಂತಿರಲಿಲ್ಲ. ಹೊಲದಲ್ಲಿ ನಿಲ್ಲಿಸಿದ ಬೆರ್ಚಪ್ಪನ ಹಾಗೆ ಎರಡು ಕಡೆಗೆ ನೀಡಿಕೊಂಡೇ ಧಾರೆಗೆ ಕೂತಳು. ಭಾರ ತಡೆಯದೆ ಈ ಕಡೆ ಇಬ್ಬರು ಆ ಕಡೆ ಇಬ್ಬರು ಹಿಡಿದುಕೊಂಡರು. ಹಾರ ಹಾಕುವಾಗ ಗಂಡೇ ತಲೆ ತೂರಿಸಿ ಹಾಕಿಸಿಕೊಂಡ. ಅವಳು ಅಲ್ಲಾಡಿದಾಗಲೆಲ್ಲ ಓಲಗದವರಿಗೆ ತಾಳ ತಪ್ಪುತ್ತಿತ್ತು.

ಊಟ ಮುಗಿದ ಮೇಲೆ ಹಿರಿಯರು ಜಗಲಿಗೆ ಬಂದರು. ಮುನೆಂಕಟನನ್ನು ಕಂಬದ ಹತ್ತಿರ ನಿಲ್ಲಿಸಿದರು. ಪಟೇಲರು, ಇನ್ನು ಹೇಳುವುದೇನಿದೆ, ಹದಿಮೂರು ಹಳ್ಳಿಯೂ ಕದಿರಪ್ಪನಿಗೆ ಅಂದರು. ಕದಿರಪ್ಪ ಕಾಲಿಗೆ ಬೀಳಲು ಪಂಚೆ ಎತ್ತಿಕೊಂಡ.

ಆಗ ಅಲುಮೇಲಮ್ಮ ಜಗಲಿ ಹತ್ತಿದಳು. ಅಲ್ಲಿಯವರೆಗೆ ಆ ಜಗಲಿ ಹತ್ತಿದವಳಲ್ಲ. ಮಗನ ಮೇಲೆ ವರ್ಷಗಟ್ಟಲೆ ಸುರಿದಿದ್ದ ಸಿಟ್ಟೆಲ್ಲ ಆ ದಿನ ದಿಕ್ಕು ಬದಲಾಯಿಸಿತು.

"ನನ್ನ ಮಗ ಪೆದ್ದ. ಅದನ್ನ ನೀವು ಹೇಳಬೇಕಾಗಿ‌ಲ್ಲ ಪಟೇಲರೆ, ನಾನೇ ಹೇಳ್ತೀನಿ. ನೂರಾ ತೊಂಬತ್ತಮೂರು ಬಳೆ ಏರಿಸಿದ. ಎಷ್ಟು ಒಡೆದವು ಹೇಳಿ."

ಕದಿರಪ್ಪ ಎತ್ತಿಕೊಂಡಿದ್ದ ಪಂಚೆ ಕೆಳಗೆ ಬಿಟ್ಟ.

"ಹೇಳಿ. ನಿಮ್ಮ ಮಗಳ ಕೈಗೆ ಎಲ್ಲಾದರೂ ಒಂದು ಗೀರು ಬಿದ್ದಿದ್ದರೆ ತೋರಿಸಿ, ಈಗಲೇ ಮಲಾರ ಬಾವಿಗೆ ಹಾಕಿ ಹೋಗ್ತೀನಿ. ಇವನ ಚಿಕ್ಕಪ್ಪ ಇಪ್ಪತ್ತೊಂದು ಬಳೆಗೆ ನಾಲ್ಕು ಒಡೆಯೋನು, ಈ ಊರಿನ ಹೆಂಗಸರನ್ನೇ ಕೇಳಿ."

ಒಳಗಿನಿಂದ ಹೆಂಗಸರು ಹೂಂಗುಟ್ಟಿದರು. ಹಿರಿಯರು ತಲೆ ಕೆರೆದುಕೊಂಡರು. ಮದುವಣಗಿತ್ತಿಗೆ ತೊಡಿಸಿದವನು ಮುನೆಂಕಟ, ನಿಜ. ಆದರೆ ಮೊಣಕೈಯಿಂದ ಮೇಲಿನ ಬಳೆ ಕದಿರಪ್ಪನದು, ಅದೂ ನಿಜ. ಕಟ್ಟಿನ ಪ್ರಕಾರ ಇಬ್ಬರಿಗೂ ಹಕ್ಕು ಬಂತು. ಇಬ್ಬರಿಗೂ ಸಮಪಾಲು ಅಂದರು. ಹದಿಮೂರು ಹಳ್ಳಿ. ಇವನಿಗೆ ಆರು, ಅವನಿಗೆ ಆರು. ಒಂದು ಮಿಕ್ಕಿತು. ಮಿಕ್ಕಿದ್ದು ಎಲ್ಲಕ್ಕಿಂತ ದೊಡ್ಡದು, ಹುಣಸೇಕುಂಟೆ.

ಅಲ್ಲಿಂದ ಶುರುವಾಯಿತು ನೋಡಿ. ಅದು ನನ್ನ ಗಂಡನ ಊರು ಅಂತ ಅಲುಮೇಲಮ್ಮ, ನನ್ನಣ್ಣನ ಊರು ನನ್ನದಲ್ಲವಾ ಅಂತ ಕದಿರಪ್ಪ. ಬೀದಿ ಬೀದಿ ಹಂಚೋಣ ಅಂದರೆ ಬೀದಿ ಏಳು. ಮನೆ ಹಂಚೋಣ ಅಂದರೆ ಮನೆ ನೂರಾ ಹದಿನೈದು. ಒಂದು ತಿಂಗಳು ಇವನು ಒಂದು ತಿಂಗಳು ಅವನು ಅಂದರೆ ಅಧಿಕ ಮಾಸ ಯಾರಿಗೆ ಅಂತ ಪುರೋಹಿತರೇ ಎಬ್ಬಿಸಿದರು. ಬಿಸಿಲು ಇಳಿಯಿತು. ಗಂಡಿನವರ ಗಾಡಿ ಕಟ್ಟಿ ನಿಂತಿದೆ. ಬೈಗುಳ ಜಗಲಿಯಿಂದ ಬೀದಿಗೆ ಬಂತು. ಪಟೇಲರು ಕುರ್ಚಿಯ ಕೈ ಹಿಡಿದುಕೊಂಡು ಕುದಿಯುತ್ತಿದ್ದರು.

ಯಾರೂ ಕೇಳದಿದ್ದ ಮುನೆಂಕಟ ಕಂಬದ ಹತ್ತಿರದಿಂದ ಮಾತಾಡಿದ. "ಅದಕ್ಯಾಕೆ ಜಗಳ? ಈ ಊರಿನ ಹೆಂಗಸರ ಎಡಗೈ ನಂದು, ಬಲಗೈ ಚಿಕ್ಕಪ್ಪಂದು."

ಅಲುಮೇಲಮ್ಮ ಹಣೆ ಚಚ್ಚಿಕೊಂಡಳು. ಕದಿರಪ್ಪ ಬಾಯಿ ತೆರೆದ. ಆದರೆ ಅವರಿಬ್ಬರೂ ಮಾತಾಡುವ ಮುಂಚೆ, ಬೆಳಿಗ್ಗೆಯಿಂದ ಪಟೇಲರ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಕೊನೆಗೂ ಹೊರಗೆ ಬಿತ್ತು.

"ಸಾಕು! ಸಾಕು, ಸಾಕು, ಸಾಕು! ಅವನು ಹೇಳಿದ ಹಾಗೇ ಆಗಲಿ!"

ಪಟೇಲರು ಜಗಲಿ ಮೇಲೆ ನಿಂತು ಆಡಿದ ಮಾತು ತೀರ್ಪು. ವಾಪಸು ತೆಗೆಯುವಂತಿಲ್ಲ.

ಮುನೆಂಕಟ ಆಗಲಿ ಅಂದ. ಮಲಾರ ಹೆಗಲಿಗೆ ಹಾಕಿಕೊಂಡು ಜಗಲಿ ಇಳಿದು, ಎದುರಿನ ಮನೆಗೇ ಹೋದ. ಅಲ್ಲಿನ ಮುತ್ತೈದೆಯನ್ನು ಕೂರಿಸಿ, ಎರಡೂ ಕೈಯ ಹಳೇ ಬಳೆ ಬಿಚ್ಚಿಸಿ, ಎಡಗೈಗೆ ಹನ್ನೊಂದು ಬಳೆ ಹೂವಿನ ಹಾಗೆ ಏರಿಸಿ ಎದ್ದುನಿಂತ. ಆಕೆ ಬಲಗೈ ನೀಡಿ ಕೂತೇ ಇದ್ದಳು. ಅದು ನಂದಲ್ಲ ಕಣವ್ವ, ಚಿಕ್ಕಪ್ಪ ಬರೋವರೆಗೂ ಆ ಕೈ ಹಾಗೇ ನೀಡಿಕೊಂಡಿರು ಅಂತ ಹೇಳಿ ಮುಂದಿನ ಮನೆಗೆ ನಡೆದ.

ಹೀಗೆ ಹುಣಸೇಕುಂಟೆಯ ಹೆಂಗಸರೆಲ್ಲ ಬಲಗೈ ಬರಿದು ಮಾಡಿಕೊಂಡು ಬೀದಿಗೆ ಬಂದು, ಪಟೇಲರನ್ನೂ ಕದಿರಪ್ಪನನ್ನೂ ಅಲುಮೇಲಮ್ಮನನ್ನೂ ಒಬ್ಬರಿಗೆ ಹೆಚ್ಚಿಲ್ಲ ಒಬ್ಬರಿಗೆ ಕಮ್ಮಿಯಿಲ್ಲ ಅನ್ನುವ ಹಾಗೆ ಬೈದದ್ದು ಪ್ಲವಂಗ ಸಂವತ್ಸರದ ವೈಶಾಖ ಶುದ್ಧ ತದಿಗೆ, ಶುಕ್ರವಾರ, ಸಾವಿರದ ಒಂಬೈನೂರ ಅರವತ್ತೇಳನೆಯ ಇಸವಿ ಮೇ ತಿಂಗಳ ಹನ್ನೆರಡನೆಯ ತಾರೀಕು, ಸಂಜೆ.